ಮಳೆ ಡಬ್ಬಿಯ ಮೇಲೆ ಧೋತರ ಒಣಹಾಕಬೇಡಿ!

ರೋಣ ತಾಲೂಕಿನ ಒಂದು ಹಳ್ಳಿ. ಪಂಚಾಯಿತಿ ಬಳಿ ಒಂದು ಕಂಬ, ಅದರ ಮೇಲೊಂದು ಡಬ್ಬಿ, ಪಕ್ಕದಲ್ಲಿ ಪುಟ್ಟ ಸೋಲಾರ್ ಹಲಗೆ. ಡಬ್ಬಿಯ ಮೇಲೆ ತೊಯ್ದ ಧೋತರ ಹರವಿತ್ತು.

"ಯಜಮಾನ್ರ, ಇದೇನಂತ ಗೊತ್ತೈತೇನ್ರಿ?"

"ಸರಕಾರದ್ದು ಏನೋ ಐತ್ರಿ. ಬಿಸಲು ಮಾತ್ರ ಚಲೋ ಬೀಳತೈತಿ."

ಅದು ಮಳೆಮಾಪಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗೊಂದರಂತೆ ನಿಲ್ಲಿಸಿದ್ದು. ಒಳಗೆ ತಕ್ಕಡಿಯ ಹಾಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲಿದ್ದು ಎಷ್ಟು ಸಲ ಎಂಬ ಲೆಕ್ಕ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಹೋಗುತ್ತದೆ. ತಂತಿ ಇಲ್ಲ, ಗುಮಾಸ್ತ ಇಲ್ಲ. ಮೊಬೈಲ್ ಮೆಸೇಜು ಹೋದ ಹಾಗೆ.

ಇಂಥದೇ ಕೆಲಸ ಸಮುದ್ರದಲ್ಲೂ ನಡೆದಿದೆ. 1993ರಲ್ಲಿ ಹುಟ್ಟಿದ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳಲ್ಲಿ ತೇಲುವ ಯಂತ್ರಗಳನ್ನು ಲಂಗರು ಹಾಕಿ ಬಿಟ್ಟಿದ್ದಾರೆ. ಗಾಳಿ, ಅಲೆ, ನೀರಿನ ಬಿಸಿ, ವಾಯುಭಾರ ಅಳೆದು ಉಪಗ್ರಹದ ಮೂಲಕ ದಡಕ್ಕೆ ಸುದ್ದಿ ಕೊಡುತ್ತವೆ. ಚಂಡಮಾರುತದ ಮುನ್ಸೂಚನೆಗೆ ಈ ಸುದ್ದಿ ಬೇಕೇ ಬೇಕು. ಆದರೆ ತೇಲುವ ವಸ್ತುವಿನ ಕೆಳಗೆ ಮೀನು ಸೇರುತ್ತವೆ. ಮೀನುಗಾರರು ಅಲ್ಲಿಗೇ ಹೋಗಿ ದೋಣಿ ಕಟ್ಟುತ್ತಾರೆ, ಯಂತ್ರ ಕೆಡುತ್ತದೆ. ಅಲ್ಲಿ ದೋಣಿ, ಇಲ್ಲಿ ಧೋತರ!

ಇದರಿಂದ ನಮಗೇನು ನಷ್ಟ ಎನ್ನುತ್ತೀರಾ? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿಗೆ ನೀರು ನುಗ್ಗಿದ್ದು, ಹೆದ್ದಾರಿಯಲ್ಲಿ ಬಸ್ಸು ನಿಂತಿದ್ದು ನೆನಪಿದೆಯಲ್ಲ? ಮಲಪ್ರಭೆಗಾದರೂ ನವಿಲುತೀರ್ಥದ ಗೇಟು ಇದೆ, ನೀರು ಬಿಡುವ ಮುಂಚೆ ಡಂಗುರ ಹೊಡೆಸಬಹುದು. ಬೆಣ್ಣಿಹಳ್ಳಕ್ಕೆ ಅದೂ ಇಲ್ಲ. ಹುಬ್ಬಳ್ಳಿ, ನವಲಗುಂದದ ಕಡೆ ಎಷ್ಟು ಮಳೆ ಸುರಿಯಿತು ಎಂಬ ಡಬ್ಬಿಯ ಅಂಕಿಯೇ ಕೆಳಗಿನ ಊರುಗಳಿಗೆ ಡಂಗುರ.

ಇನ್ನೊಂದು ಮಾತು. ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರಕ್ಕೆ ಹೊಲದ ಕೆಸರು ಸಾಕ್ಷಿಯಲ್ಲ, ಮಾಪಕದ ಅಂಕಿಯೇ ಸಾಕ್ಷಿ. ಧೋತರದ ಕೆಳಗಿನ ಡಬ್ಬಿ ಅಥವಾ ಕಸ ಕಟ್ಟಿದ ಡಬ್ಬಿ "ಮಳೆ ಅಷ್ಟಕ್ಕಷ್ಟೆ" ಎಂದು ಬರೆದುಕೊಂಡರೆ, ಬೆಳೆ ಕೊಳೆತ ರೈತ ಯಾರ ಮುಂದೆ ಅಳಬೇಕು? ಅವನ ಕೈ ಬರಿದಾದರೆ ಗಜೇಂದ್ರಗಡ, ನರಗುಂದ ಪೇಟೆಯ ಉದ್ರಿ ಖಾತೆಯೂ ತೀರುವುದಿಲ್ಲ.

ಕೆಟ್ಟ ಡಬ್ಬಿ ಕಂಡರೆ ಪಂಚಾಯಿತಿಗೆ ತಿಳಿಸಿ. ರಿಪೇರಿ ಮಾಡಬೇಕಾದವರೂ ನಿದ್ದೆ ಹೊಡೆಯದಿರಲಿ.

ಯಜಮಾನರಿಗೆ ಇಷ್ಟೂ ಹೇಳಿದೆವು. ತಟ್ಟನೆ ಧೋತರ ಎಳೆದು ಹೆಗಲಿಗೆ ಹಾಕಿಕೊಂಡರು. "ಮೊದಲ ಯಾರರ ಹೇಳಬೇಕಿಲ್ರಿ?" ಅಂದರು. ಖರೇ ಮಾತು!