ಕಾವಿನ ಕೋಳಿ, ಕೆಂಪಿರುವೆ ಮತ್ತು ನಾನು ಉದುರಿಸಿದ ಪುಡಿ

ಜೂನ್ ತಿಂಗಳ ಮೊದಲ ದೊಡ್ಡ ಮಳೆ ಬಿದ್ದ ಮರುದಿನ. ಬೆಳಗಿನ ಐದೂವರೆಗೆ ಹಿತ್ತಲಿಗೆ ಹೋಗಿ ಟಾರ್ಚ್ ಹಾಕಿದೆ. ಇಪ್ಪತ್ತು ದಿನದಿಂದ ಬುಟ್ಟಿ ಬಿಟ್ಟು ಕದಲದ ನಮ್ಮ ನಾಟಿ ಹ್ಯಾಟೆ ಹೊರಗೆ ನಿಂತು ಕಾಲು ಕೊಡವುತ್ತಿತ್ತು. ಬುಟ್ಟಿಯೊಳಗೆ ಕೆಂಪು ದಾರದಂತೆ ಇರುವೆ ಸಾಲು. ಮೂರು ಮೊಟ್ಟೆ ಒಳಗಿನಿಂದ ಒಡೆದಿದ್ದವು, ಮರಿಗಳ ಕೊಕ್ಕು ಕಾಣುತ್ತಿತ್ತು. ಮೂರೂ ಸತ್ತಿದ್ದವು.

ಹೈದರಾಬಾದಿನ ಹೊರವಲಯದಲ್ಲಿ ಬಾಡಿಗೆಗೆ ಸಿಕ್ಕ ನಮ್ಮ ಮನೆಗೆ ಪುಟ್ಟ ಹಿತ್ತಲಿದೆ. ಅಪಾರ್ಟ್‌ಮೆಂಟ್ ಬಿಟ್ಟು ಇಲ್ಲಿಗೆ ಬಂದದ್ದೇ ಅದಕ್ಕಾಗಿ. ನಾಗಮಂಗಲದ ಕಡೆ ಹುಟ್ಟಿದವನಿಗೆ ಕೋಳಿ ಇಲ್ಲದ ಹಿತ್ತಲು ಹಿತ್ತಲೇ ಅಲ್ಲ ಅನ್ನಿಸುತ್ತಿತ್ತು. ನಮ್ಮಲ್ಲಿ ಗಿರಿರಾಜ ಹೇಗೋ ಇಲ್ಲಿ ವನರಾಜ, ಗ್ರಾಮಪ್ರಿಯ ಹಾಗೆ. ಎರಡೂ ಇಲ್ಲಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದಲ್ಲೇ ಬೆಳೆಸಿದ ತಳಿಗಳು. ನಾಲ್ಕು ಗ್ರಾಮಪ್ರಿಯ ತಂದೆ. ಮೊಟ್ಟೆ ಚೆನ್ನಾಗಿಯೇ ಇಡುತ್ತವೆ, ಆದರೆ ಕಾವಿಗೆ ಕೂರುವ ಮನಸ್ಸು ಅವಕ್ಕಿಲ್ಲ. ಅದಕ್ಕೇ ಒಂದು 'ನಾಟು ಕೋಡಿ'ಯನ್ನೂ ತಂದೆ. ತೆಲುಗಿನವರ ನಾಟು, ನಮ್ಮ ನಾಟಿ ಒಂದೇ. ಐದು ವರ್ಷದ ಮಗಳು ಅದಕ್ಕೆ ರಾಣಿ ಎಂದು ಹೆಸರಿಟ್ಟಳು.

ರಾಣಿಗೆ ಒಂಬತ್ತು ಮೊಟ್ಟೆ ಇಟ್ಟಿದ್ದೆ. ಹದಿನೆಂಟನೇ ದಿನ ಒಂದು ಮೊಟ್ಟೆ ಒಡೆದು ಹುಲ್ಲಿಗೆಲ್ಲ ಅಂಟಾಯಿತು. ಕಾವಿನ ಕೊನೆಯ ಮೂರು ದಿನ ಬುಟ್ಟಿ ಕದಲಿಸಬಾರದೆಂದು ಸುಮ್ಮನಿದ್ದೆ. ಅದೇ ತಪ್ಪು. ಒಡೆದ ಮೊಟ್ಟೆಯ ವಾಸನೆ ಇರುವೆಗೆ ದಾರಿ ತೋರಿಸಿತು, ಮಳೆ ಅವುಗಳ ಗೂಡಿಗೆ ನೀರು ತುಂಬಿ ಒಣ ಜಾಗ ಹುಡುಕುವಂತೆ ಮಾಡಿತು. ಮರಿ ಹೊರಬರಲು ಚಿಪ್ಪಿನಲ್ಲಿ ಸಣ್ಣ ತೂತು ಮಾಡಿಕೊಂಡು ಗಂಟೆಗಟ್ಟಲೆ ಸುಧಾರಿಸಿಕೊಳ್ಳುತ್ತದೆ. ಅಷ್ಟು ಹೊತ್ತು ಆ ತೂತೇ ಇರುವೆಗೆ ಬಾಗಿಲು. ಕೋಳಿ ಇರುವೆ ತಿನ್ನುವುದಿಲ್ಲವೇ ಎಂದು ಆಫೀಸಿನಲ್ಲಿ ಒಬ್ಬರು ಕೇಳಿದರು. ಒಂದೆರಡು ಹೆಕ್ಕುತ್ತದೆ. ಆದರೆ ಸಾವಿರಾರು ಕೆಂಪಿರುವೆ ಹತ್ತಿ ಕಚ್ಚಿದರೆ ಎಂಥ ತಾಯಿಯೂ ಎದ್ದು ನಿಲ್ಲುತ್ತದೆ.

ಉಳಿದ ಐದು ಮೊಟ್ಟೆ ಒರೆಸಿ, ಹೊಸ ಹುಲ್ಲು ಹಾಕಿ ಬೇರೆ ಬುಟ್ಟಿಯಲ್ಲಿಟ್ಟೆ. ರಾಣಿ ಮತ್ತೆ ಕೂತಿತು. ಎರಡೇ ಮರಿ ಹೊರಬಂದವು.

ಆ ಸಂಜೆ ಸಿಟ್ಟಿನಲ್ಲಿ ಬೀದಿ ಕೊನೆಯ ಅಂಗಡಿಗೆ ಹೋಗಿ "ಚೀಮಲ ಮಂದು" ಎಂದೆ. ಅಂಗಡಿಯವ ಮೂರು ಸಾಮಾನು ಮುಂದಿಟ್ಟ. ಗೆರೆ ಎಳೆಯುವ ಚಾಕ್, ಉದುರಿಸುವ ಪುಡಿ, ಗೆದ್ದಲಿಗೆ ಹಾಕುವ ದ್ರಾವಣ. ಪುಡಿ ತಂದು, ಕೋಳಿಗಳು ಗೂಡು ಸೇರಿದ ಮೇಲೆ ಸುತ್ತಲೂ ಧಾರಾಳವಾಗಿ ಉದುರಿಸಿದೆ. ಎಂಟೆಕ್ ಓದಿದವನು ಪೊಟ್ಟಣದ ಹಿಂದಿನ ಅಕ್ಷರ ಓದಲಿಲ್ಲ.

ರಾತ್ರಿ ಅವ್ವನಿಗೆ ಫೋನು ಮಾಡಿ ಮರಿ ಸತ್ತದ್ದು, ಪುಡಿ ಹಾಕಿದ್ದು ಎಲ್ಲ ಹೇಳಿದೆ. ಅವ್ವ ಮರಿಗಳ ವಿಷಯ ಬಿಟ್ಟಿತು.

"ಗೂಡ್ ಸುತ್ತ ಇಸ ಹಾಕಿ, ಅದೇ ಕೋಳಿ ಮೊಟ್ಟೆನ ಮಗೀಗೆ ತಿನ್ನುಸ್ತೀಯೇನ್ಲಾ?"

ಆಮೇಲೆ ಪೊಟ್ಟಣ ತಿರುಗಿಸಿ ನೋಡಿದೆ. ಕ್ಲೋರ್‌ಪೈರಿಫಾಸ್. ನರಗಳ ಕೆಲಸಕ್ಕೆ ಬೇಕಾದ ಕಿಣ್ವವೊಂದನ್ನು ತಡೆದು ಕೊಲ್ಲುವ ಜಾತಿಯ ವಿಷ. ಇಂಥ ವಿಷಗಳಿಗೆ ನಮಗಿಂತ ಹಕ್ಕಿಗಳು ಬೇಗ ಬಲಿಯಾಗುತ್ತವೆ. ಕೋಳಿ ಇಡೀ ದಿನ ಮಾಡುವುದೇನು? ನೆಲ ಕೆದರಿ ಕುಕ್ಕುವುದು, ಮಣ್ಣಿನಲ್ಲಿ ಹೊರಳುವುದು. ನಾನು ವಿಷ ಹಾಕಿದ್ದು ಅದರ ತಟ್ಟೆಗೂ ಹಾಸಿಗೆಗೂ.

ಬೆಳಗ್ಗೆ ಗೂಡಿನ ಬಾಗಿಲು ತೆಗೆಯಲಿಲ್ಲ. ಕೈಗವಸು, ಮಾಸ್ಕ್ ಹಾಕಿಕೊಂಡು ಮೇಲ್ಮಣ್ಣು ಕೆರೆದು ಚೀಲಕ್ಕೆ ತುಂಬಿದೆ. ವಿಷ ಎಂದು ಬರೆದು ಕಸದ ಗಾಡಿಯವರಿಗೆ ಬೇರೆಯಾಗಿ ಕೊಟ್ಟೆ. ಕೋಳಿ ಸಾಯಲಿಲ್ಲ. ಪರಿಚಯದ ಪಶುವೈದ್ಯರು, ಎಷ್ಟು ಒಳಗೆ ಹೋಗಿದೆಯೋ ಗೊತ್ತಿಲ್ಲದ ಮೇಲೆ ಕೆಲವು ವಾರ ಮೊಟ್ಟೆ ತಿನ್ನಬೇಡಿ ಎಂದರು. ಒಂದು ತಿಂಗಳು ದಿನಕ್ಕೆ ಎರಡು ಮೂರು ಮೊಟ್ಟೆ ಎಸೆದೆ. ಯಾಕಪ್ಪಾ ಎಸೀತೀಯ ಎಂದು ಮಗಳು ಪ್ರತಿದಿನ ಕೇಳಿದಳು.

ಇದು ಅತಿಯಾಯಿತು ಅನ್ನುವವರು 2017ರ ಯುರೋಪನ್ನು ನೆನೆಯಬಹುದು. ಕೋಳಿಯ ಉಣ್ಣೆಗೆಂದು ಸಿಂಪಡಿಸಿದ ದ್ರಾವಣದಲ್ಲಿ ಫಿಪ್ರೊನಿಲ್ ಬೆರೆತಿತ್ತೆಂದು ತಿಳಿದು, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿಯ ಅಂಗಡಿಗಳಿಂದ ಲಕ್ಷಾಂತರ ಮೊಟ್ಟೆ ವಾಪಸ್ ಪಡೆದರು. ಇರುವೆ, ಗೆದ್ದಲಿಗೆ ನಮ್ಮಲ್ಲಿ ಮಾರುವ ಕೆಲವು ಔಷಧಿಗಳಲ್ಲಿರುವುದೂ ಅದೇ ಫಿಪ್ರೊನಿಲ್. ಚಾಕ್ ಪರವಾಗಿಲ್ಲ ಎಂದುಕೊಂಡಿರಾ? ಅದರಲ್ಲಿ ಸಾಮಾನ್ಯವಾಗಿ ಡೆಲ್ಟಾಮೆಥ್ರಿನ್ ಇರುತ್ತದೆ. ಹಕ್ಕಿಗೆ ಅದರ ಅಪಾಯ ಕಡಿಮೆಯಂತೆ. ಆದರೆ ಮೊಟ್ಟೆ ಇಡುವ ಕೋಳಿ ಸುಣ್ಣದ ಆಸೆಗೆ ಬಿಳಿ ಚೂರು ಕಂಡಲ್ಲೆಲ್ಲ ಕುಕ್ಕುತ್ತದೆ. ಊರಲ್ಲಿ ಹಳಬರು ಇನ್ನೂ ಕೇಳುವ 'ಗ್ಯಾಮಾಕ್ಸಿನ್' ಪುಡಿಯ ಮಾತೇ ಬೇಡ. ಬಿಎಚ್‌ಸಿ 1997ರಲ್ಲೇ ನಿಷೇಧವಾಯಿತು, ಅದರ ತಮ್ಮ ಲಿಂಡೇನ್ ಬಳಕೆ 2013ರಲ್ಲಿ ನಿಂತಿತು. ಕೊಬ್ಬಿನಲ್ಲಿ ಕೂತು ಮೊಟ್ಟೆಯ ಹಳದಿಗೆ ಇಳಿಯುವ ವಿಷಗಳವು.

ಹಾಗಾದರೆ ಮಾಡುವುದೇನು? ದಾರಿಯನ್ನೂ ಅವ್ವನೇ ಹೇಳಿತು. "ನಾಕ್ ಕಾಲ್ಗೂ ನೀರ್ ಬಟ್ಲು ಮಡುಗು. ನಿಮ್ಮಜ್ಜಿ ತುಪ್ಪದ ಗಡಿಗೆನ ನೀರ್ ತಟ್ಟೇಲಿ ಮಡುಗ್ತಿರ್ಲಿಲ್ವಾ?"

ಹಳೆಯ ಕಬ್ಬಿಣದ ಮೇಜೊಂದನ್ನು ಕೊಂಡು ಕಾವಿನ ಬುಟ್ಟಿ ಅದರ ಮೇಲಿಟ್ಟೆ. ನಾಲ್ಕು ಕಾಲಿಗೆ ನಾಲ್ಕು ಬಟ್ಟಲು, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸೋಪಿಲ್ಲದಿದ್ದರೆ ಸಣ್ಣ ಇರುವೆ ನೀರಿನ ಮೇಲೆ ತೇಲಿಕೊಂಡೇ ದಾಟುತ್ತದೆ. ಮೊದಲ ದಿನವೇ ಗ್ರಾಮಪ್ರಿಯವೊಂದು ಬಂದು ಸೋಪು ನೀರು ಕುಡಿಯಲು ನೋಡಿತು. ಪೇಂಟ್ ಬಕೆಟ್ಟಿನ ಮುಚ್ಚಳಕ್ಕೆ ತೂತು ಕೊರೆದು, ಬಟ್ಟಲಿಗಿಂತ ಒಂದು ಇಂಚು ಮೇಲೆ ಕಾಲಿಗೆ ಕೊಡೆಯಂತೆ ಸಿಕ್ಕಿಸಿದೆ. ಮುಚ್ಚಳ ಬಟ್ಟಲಿಗೆ ತಾಗಬಾರದು, ತಾಗಿದರೆ ಅದೇ ಸೇತುವೆ. ನೀರು ಎರಡು ದಿನಕ್ಕೊಮ್ಮೆ ಬದಲಿಸಬೇಕು. ಇಲ್ಲದಿದ್ದರೆ ಇರುವೆ ಓಡಿಸಿ ಸೊಳ್ಳೆ ಸಾಕಿದಂತೆ.

ವಾರದ ನಂತರ ಮೇಜಿನ ಮೇಲೆ ಮತ್ತೆ ಇರುವೆ! ಬಟ್ಟಲುಗಳೆಲ್ಲ ಸರಿಯಿದ್ದವು. ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು ಸಾಲಿನ ಹಿಂದೆ ಹೋದೆ. ಗೋಡೆ, ಸೀಬೆ ಗಿಡ, ಮಳೆಗೆ ಬಾಗಿದ ಒಂದೇ ಒಂದು ಕೊಂಬೆ, ಅದರ ತುದಿಯ ಎಲೆ ಮೇಜಿನ ಅಂಚಿಗೆ ತಾಗಿತ್ತು. ಕತ್ತರಿಸಿದೆ, ನಿಂತಿತು. ಆಫೀಸಿನಲ್ಲಿ ಎಷ್ಟೋ ಬಗ್ ಹುಡುಕಿದ್ದೇನೆ, ಇಷ್ಟು ಖುಷಿ ಆಗಿರಲಿಲ್ಲ.

ಆದರೂ ಅರ್ಧ ಕೆಲಸ ಆಹಾರದ್ದು. ಮೊದಲು ಬೆಳಗ್ಗೆ ಜೋಳ, ನುಚ್ಚು ಸುರಿದು ಆಫೀಸಿಗೆ ಓಡುತ್ತಿದ್ದೆ, ರಾತ್ರಿವರೆಗೂ ಅದು ಅಲ್ಲೇ. ಈಗ ಇಪ್ಪತ್ತು ನಿಮಿಷದಲ್ಲಿ ತಿನ್ನುವಷ್ಟು ಎರಡು ಹೊತ್ತು ಹಾಕಿ, ಉಳಿದದ್ದು ಗುಡಿಸುತ್ತೇವೆ. ಮೂಟೆಯ ಬದಲು ಬಿಗಿ ಮುಚ್ಚಳದ ಡಬ್ಬ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೋಳಿಯ ಲಾಡಿಹುಳುವಿನ ಕೆಲವು ಜಾತಿಗಳು ಇರುವೆಯ ಹೊಟ್ಟೆಯಲ್ಲಿ ಬೆಳೆದು, ಇರುವೆ ತಿಂದ ಕೋಳಿಗೆ ಸೇರುತ್ತವೆ. ಇರುವೆ ಕಡಿಮೆಯಾದಷ್ಟೂ ಒಳ್ಳೆಯದು.

ಗೂಡುಗಳಿಗೇನು ಮಾಡುವುದು ಎಂದು ತಿಳಿಯಲು ಒಂದು ಮುಚ್ಚಳದಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಕಡಲೆಕಾಯಿ ಪುಡಿ ಇಟ್ಟು ನೋಡಿದೆ. ಅಡುಗೆಮನೆ ಕಡೆಯ ಕಪ್ಪಿರುವೆ ಸಕ್ಕರೆಗೆ ಬಿತ್ತು. ಕೆಂಪಿರುವೆ ಅದನ್ನು ಮೂಸಿಯೂ ನೋಡದೆ ಕಡಲೆಕಾಯಿಗೆ ಮುತ್ತಿತು. ಕಪ್ಪಿರುವೆಗೆ, ಕೇರಂ ಬೋರ್ಡಿಗೆ ಉದುರಿಸುತ್ತಿದ್ದೆವಲ್ಲ, ಆ ಬೋರಿಕ್ ಪೌಡರ್ ಸಾಕು. ಒಂದು ಲೋಟ ನೀರಿಗೆ ಐದು ಚಮಚ ಸಕ್ಕರೆ, ಪೌಡರ್ ಅರ್ಧ ಚಮಚ. ಹೆಚ್ಚು ಹಾಕಿದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡಿಗೆ ಒಯ್ದು ರಾಣಿಗೆ ಉಣಿಸುವುದಿಲ್ಲ. (ಇರುವೆಗಳ ರಾಣಿ, ನಮ್ಮ ರಾಣಿಯಲ್ಲ.) ಹತ್ತಿಯನ್ನು ಅದರಲ್ಲಿ ಅದ್ದಿ ಸಣ್ಣ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಇರುವೆ ಹಿಡಿಯುವಷ್ಟೇ ತೂತು ಮಾಡಿ, ಬೇಲಿಯಾಚೆ ಭಾರದ ಕುಂಡದ ಕೆಳಗಿಟ್ಟೆ. ಕೋಳಿಗೂ ಮಗುವಿಗೂ ಎಟುಕದಂತೆ.

ಕೆಂಪಿರುವೆಗೆ ಕಡಲೆಕಾಯಿಯಲ್ಲೇ ಬೆರೆಸಬಹುದಿತ್ತು. ಕಡಲೆಕಾಯಿ ವಾಸನೆಗೆ ಕೋಳಿ ಬೇಲಿ ಹಾರುತ್ತದೆ, ಹಾಗಾಗಿ ಬಿಟ್ಟೆ. ಬೆಳಗಿನ ಎಳೆ ಬಿಸಿಲಿಗೆ ಮರಿಗಳನ್ನು ಮೇಲಕ್ಕೆ ತಂದಿರುವ ಹೊತ್ತಿನಲ್ಲಿ ಗೂಡಿಗೆ ಕುದಿಯುವ ನೀರು, ಗಿಡದ ಬೇರಿನಿಂದ ದೂರ. ಒಂದು ಸಲಕ್ಕೆ ಮುಗಿಯಲಿಲ್ಲ. ಐದು ಭಾನುವಾರ ಬೇಕಾಯಿತು, ಒಮ್ಮೆ ನನ್ನ ಕಾಲೂ ಸುಟ್ಟಿತು. ಅರಿಶಿನದ ಗೆರೆ ಪ್ರಯತ್ನಿಸಿದೆ, ಮಳೆಗೆ ತೊಳೆದುಹೋಯಿತು.

ಸೆಪ್ಟೆಂಬರಿನಲ್ಲಿ ರಾಣಿ ಮತ್ತೆ ಕಾವಿಗೆ ಬಂತು. ಕತ್ತಲಾದ ಮೇಲೆ ಎತ್ತಿ ಮೇಜಿನ ಮೇಲಿನ ಬುಟ್ಟಿಗೆ ಸೇರಿಸಿದೆ. ಹಗಲಲ್ಲಿ ಜಾಗ ಬದಲಿಸಿದರೆ ಹಳೆಯ ಜಾಗಕ್ಕೇ ಓಡುತ್ತದೆ. ಎಂಟು ಮೊಟ್ಟೆ. ಹತ್ತೊಂಬತ್ತನೇ ದಿನದಿಂದ ಮೂರು ರಾತ್ರಿ, ಎರಡು ಗಂಟೆಗೊಮ್ಮೆ ಅಲಾರಂ ಇಟ್ಟು ಎದ್ದು ನೋಡಿದೆ. ಅಮೆರಿಕದವರ ಜೊತೆ ರಿಲೀಸ್ ಇದ್ದಾಗಲೂ ಇಷ್ಟು ಎದ್ದಿಲ್ಲ ಅಂತ ಹೆಂಡತಿ ಗೊಣಗಿದಳು.

ಏಳು ಮರಿ. ವಿಡಿಯೋ ಕಾಲಿನಲ್ಲಿ ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಎಣಿಸಿ, "ಹದ್ದು ಇದಾವೇನ್ಲಾ ಅಲ್ಲಿ?" ಎಂದಿತು.