ಗಾಜಿನ ನಳಿಕೆಯ ಮುಂದೆ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದುಬಂದ ಮೇಲೆ ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತೆಂಬುದನ್ನು ನಾಡೆಲ್ಲ ಬಲ್ಲುದು. ಆದರೆ ಆ ಗದ್ದೆಗೆ ಇರುಳು ನೀರು ಕಟ್ಟಲು ಹೋದವನನ್ನು ಹಾವು ಕಚ್ಚಿದಾಗ, ಬಿಸಿಲಿನಲ್ಲಿ ಬೆಳೆಗೆ ‘ಎಣ್ಣೆ’ ಎನ್ನುವ ಕೀಟನಾಶಕ ಹೊಡೆಯುತ್ತಿದ್ದವನು ಬೆವೆತು ಕುಸಿದಾಗ, ತಾಲೂಕು ಆಸ್ಪತ್ರೆಯಲ್ಲಿ ಮೊದಲು ಅವನ ಮೈಮುಟ್ಟಿ ನೋಡುವವರು ಯಾರೆಂದು ಯೋಚಿಸಿದವರು ವಿರಳ. ಜನ ಸಿಸ್ಟರ್ ಎಂದು ಕರೆಯುವ, ಸರಕಾರಿ ಕಾಗದಗಳಲ್ಲಿ ಈಗ ಶುಶ್ರೂಷಾಧಿಕಾರಿ ಎನಿಸಿಕೊಂಡಿರುವ ದಾದಿಯೇ ಆಕೆ.

ವಾರ್ಡಿನಲ್ಲಿ ರೋಗಿಗೊಂದು ಹೆಸರುಂಟು, ರೋಗಕ್ಕೆ ನಿದಾನವುಂಟು, ವೈದ್ಯರ ಲಿಖಿತ ಆದೇಶವುಂಟು. ತುರ್ತು ಕೊಠಡಿಯಲ್ಲಿರುವುದು ಟ್ರಾಕ್ಟರಿನಿಂದ ಆಗತಾನೆ ಇಳಿಸಿದ ದೇಹ, ಸುತ್ತ ಹತ್ತು ಜನರ ಆಕ್ರಂದನ. ಕೂಗುವವನಿಗಿಂತ ಸದ್ದಿಲ್ಲದೆ ಒರಗಿದವನೇ ಹೆಚ್ಚು ಅಪಾಯದಲ್ಲಿರಬಹುದೆಂದು ಕ್ಷಣಮಾತ್ರದಲ್ಲಿ ಗ್ರಹಿಸಿ, ರೋಗಿಗಳನ್ನು ತುರ್ತಿಗೆ ತಕ್ಕಂತೆ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವುದು ಆಕೆಯ ಮೊದಲ ವಿದ್ಯೆ.

‘ಸಿಸ್ಟರ್, ಹುಳ ಮುಟ್ಟೇತ್ರಿ’ ಎನ್ನುವರು ಬಂದವರು. ಇರುಳಿನಲ್ಲಿ ಹಾವಿನ ಹೆಸರೆತ್ತದ ಜನರ ಈ ಮಾತನ್ನು ಅರಿಯದವಳು ಯಾವುದೋ ಕೀಟವೆಂದು ಬಗೆದಾಳು. ಅರಿತವಳು ಕಾಲಿಗೆ ಬಿಗಿದ ಹಗ್ಗವನ್ನು ಒಮ್ಮೆಗೇ ಬಿಚ್ಚದೆ, ರೆಪ್ಪೆಗಳು ಇಳಿಬಿದ್ದಿವೆಯೇ ಎಂದು ನೋಡಿ, ಒಂದೇ ಉಸಿರಿನಲ್ಲಿ ಎಣಿಸಲು ಹೇಳುವಳು. ಏಕೆಂದರೆ ನಾಗರ, ಕಟ್ಟುಹಾವುಗಳ ವಿಷ ಉಸಿರನ್ನು ತಡೆದರೆ ಮಂಡಲದ ಹಾವಿನ ವಿಷ ರಕ್ತವನ್ನು ಹೆಪ್ಪುಗಟ್ಟಗೊಡದು. ಈ ಎರಡನೆಯದನ್ನು ಅರಿಯುವ ಬಗೆ ಬಹಳ ಸರಳವಾದುದು: 2 ಮಿಲಿಲೀಟರ್ ರಕ್ತವನ್ನು ಒಣಗಿದ ಹೊಸ ಗಾಜಿನ ನಳಿಕೆಗೆ ತುಂಬಿ, 20 ನಿಮಿಷ ಅಲುಗಿಸದೆ ನಿಲ್ಲಿಸಿ, ಅನಂತರ ಒಮ್ಮೆ ವಾಲಿಸುವುದು. ಸೋಪಿನಿಂದ ತೊಳೆದ ನಳಿಕೆ ಸುಳ್ಳು ಹೇಳುತ್ತದೆ. ರಕ್ತ ನೀರಿನಂತೆ ಹರಿಯಿತೆಂದರೆ ವೈದ್ಯರು ಹೇಳಿದಂತೆ 10 ಸೀಸೆಗಳಷ್ಟು ಪ್ರತಿವಿಷ ಸಿದ್ಧವಾಗಬೇಕು. ಪುಡಿಯ ರೂಪದ ಆ ಪ್ರತಿವಿಷವನ್ನು ಕರಗಿಸುವಾಗ ಕುಲುಕಿದರೆ ನೊರೆಯೇಳುವುದರಿಂದ ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲನೆ ಹೊರಳಿಸಬೇಕು. ಹೊರಗೆ ಬಂಧುಗಳು ಬಾಗಿಲು ಬಡಿಯುತ್ತಿರುವಾಗ ಕೈಯಲ್ಲಿ ಆ ಸಾವಧಾನವನ್ನು ಉಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸಾಮಾನ್ಯ ಸಾಧನೆಯಲ್ಲ.

‘ಎಣ್ಣೆ’ಯ ವಿಷದ ಕತೆ ಬೇರೆ. ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗಿ, ಬಾಯಿಂದ ಜೊಲ್ಲು ಸುರಿದು, ಎದೆ ಗೊರಗುಟ್ಟುತ್ತಿದ್ದವನ ಬಟ್ಟೆ ಕಳಚಿ ಮೈಯನ್ನು ಸೋಪುನೀರಿನಿಂದ ತೊಳೆಯಿಸಿ, ಎದೆ ತಿಳಿಯಾಗುವತನಕ ಐದೈದು ನಿಮಿಷಕ್ಕೊಮ್ಮೆ ಆಟ್ರೋಪಿನ್ ಕೊಡುತ್ತ ನಾಡಿ ಎಣಿಸುತ್ತ ಆಕೆ ಮಗ್ಗುಲಲ್ಲಿಯೇ ನಿಂತಿರಬೇಕು.

ಸಿಂಧನೂರು, ಲಿಂಗಸುಗೂರು, ಮಸ್ಕಿ, ಯಾವುದರಿಂದಲೂ ರಾಯಚೂರಿನ ದೊಡ್ಡಾಸ್ಪತ್ರೆ ಬಹುದೂರದ ಹಾದಿ. 2008ರಿಂದ 108ರ ಆಂಬುಲೆನ್ಸ್ ಓಡಾಡುತ್ತಿದೆ, 2024ರಲ್ಲಿ ರಾಜ್ಯವು ಹಾವು ಕಡಿತವನ್ನು ವರದಿಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿದೆ, ಎರಡೂ ಮೆಚ್ಚತಕ್ಕವೇ. ಆದರೂ ಆ ದೂರವನ್ನು ರೋಗಿ ತಾಳುವಂತೆ ಮಾಡಿ ಕಳುಹಿಸುವುದು ಈ ಕೊಠಡಿಯ ಕೈಗಳೇ.

ಪ್ರತಿವಿಷ ಏರಿಸಿದ 6 ಗಂಟೆಗಳ ನಂತರ ಮತ್ತೊಂದು ನಳಿಕೆಯಲ್ಲಿ ರಕ್ತವನ್ನು ನೋಡಬೇಕು. ಅಷ್ಟರಲ್ಲಿ ಬೆಳಕು ಹರಿದು ಪಾಳಿ ಬದಲಾಗಿರುತ್ತದೆ. ರಾತ್ರಿಯ ಸಿಸ್ಟರ್ ಮನೆಗೆ ಹೊರಡುವ ಮುನ್ನ, ನಳಿಕೆಯನ್ನು ವಾಲಿಸಬೇಕಾದ ಗಂಟೆಯನ್ನು ಬಂದವಳಿಗೆ ಹೇಳಿ, ರೋಗಿಯ ಕಾಗದದ ಮೇಲೂ ಬರೆದಿಟ್ಟು, ಹೋಗುವಾಗ ಅವನ ರೆಪ್ಪೆಗಳನ್ನು ಇನ್ನೊಮ್ಮೆ ನೋಡಿ ಹೋಗುವಳು.