‘ಧರ್ಮ: ಯಾವುದೂ ಇಲ್ಲ’ ಅಂದವರು ಏನನ್ನ ನಂಬ್ತಾರೆ?

ಒಂದು ಅರ್ಜಿ ತುಂಬ್ತಾ ಇದ್ದೀರಿ ಅಂದ್ಕೊಳ್ಳಿ. ‘ಧರ್ಮ’ ಅನ್ನೋ ಕಾಲಂ ಬಂತು. ‘ಯಾವುದೂ ಇಲ್ಲ’ ಅಂತ ಬರೆದ್ರಿ. ಪಕ್ಕದಲ್ಲಿದ್ದ ಗೆಳೆಯ ಕೇಳ್ತಾನೆ, ‘ಓ, ನಾಸ್ತಿಕನಾ ನೀನು?’

ಅಷ್ಟು ಸಲೀಸಲ್ಲ. ನಾನು ಬಿಕಾಂ ಓದಿದವನು, ನನಗೆ ಗೊತ್ತಿರೋ ಭಾಷೆಯಲ್ಲೇ ಹೇಳ್ತೀನಿ. ಅಂಗಡಿಯವರು ಜಿಎಸ್‌ಟಿ ನಿಲ್ ರಿಟರ್ನ್ ಹಾಕಿದ್ರೆ ಆ ಅವಧಿಯಲ್ಲಿ ವ್ಯಾಪಾರ ಆಗಿಲ್ಲ ಅಂತ ಅರ್ಥ. ಅಂಗಡಿಯೇ ಇಲ್ಲ ಅಂತಲ್ಲ.

ಅಮೆರಿಕದ ಲೆಕ್ಕ ನೋಡಿ. ಅಲ್ಲಿ ಇಂಥವರಿಗೆ ‘ನನ್ಸ್’ ಅಂತಾರೆ. ಚರ್ಚಿನ ನನ್‌ಗಳಲ್ಲ, ಸರ್ವೆಯಲ್ಲಿ ಧರ್ಮ ಕೇಳಿದಾಗ ‘ಯಾವುದೂ ಇಲ್ಲ’ ಅಂದವರು. ಪ್ಯೂ ರಿಸರ್ಚ್ ಸೆಂಟರ್ 2023ರಲ್ಲಿ ಮಾಡಿದ ಸರ್ವೆ ಪ್ರಕಾರ ವಯಸ್ಕರಲ್ಲಿ ಶೇ 28ರಷ್ಟು ಜನ ಇವರೇ. ಇವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ 50 ವರ್ಷದೊಳಗಿನವರು. ಆದ್ರೆ ‘ನಾನು ನಾಸ್ತಿಕ’ ಅಂದವರು ಶೇ 17 ಮಾತ್ರ. ಶೇ 20 ಮಂದಿ ‘ದೇವರಿದ್ದಾನೋ ಇಲ್ವೋ ಹೇಳಕ್ಕಾಗಲ್ಲ’ ಅನ್ನೋ ಅಜ್ಞೇಯವಾದಿಗಳು. ಉಳಿದ ಶೇ 63 ಮಂದಿ ‘ಇಂಥದ್ದೇ ಅಂತ ಇಲ್ಲ’ ಅಂದವರು. ಒಟ್ಟು ‘ನನ್ಸ್’ಗಳಲ್ಲಿ ಹೆಚ್ಚಿನವರು ದೇವರನ್ನೋ ಬೇರೊಂದು ದೊಡ್ಡ ಶಕ್ತಿಯನ್ನೋ ನಂಬ್ತಾರೆ. ನಿಯಮಿತವಾಗಿ ಚರ್ಚಿಗೆ ಹೋಗೋರು ಮಾತ್ರ ತೀರಾ ಕಮ್ಮಿ.

ಅಂದ್ರೆ ಇವರು ಬಿಟ್ಟಿದ್ದು ನಂಬಿಕೆಯನ್ನಲ್ಲ, ಗುಂಪನ್ನ. ಅದಕ್ಕೊಂದು ಬೆಲೆ ಇದೆ. ಅದೇ ಸರ್ವೆಯಲ್ಲಿ, ಧರ್ಮದ ಗುರುತು ಇರೋರಿಗಿಂತ ಇವರಲ್ಲಿ ಸ್ವಯಂಸೇವೆ ಕಮ್ಮಿ, ಊರು-ಸ್ನೇಹದ ಬಗ್ಗೆ ತೃಪ್ತಿಯೂ ಕಮ್ಮಿ. ಗಮನಿಸಿ, ಈ ಕೊರತೆ ಹೆಚ್ಚಾಗಿ ಕಾಣೋದು ‘ಇಂಥದ್ದೇ ಅಂತ ಇಲ್ಲ’ ಅಂದವರಲ್ಲಿ. ನಾಸ್ತಿಕರಲ್ಲಿ ಅಷ್ಟಿಲ್ಲ.

ಇದು ನನಗೆ ಅರ್ಥ ಆಗಿದ್ದು ಅಜ್ಜಿ ತೀರಿಕೊಂಡಾಗ. ನಾನು ದೇವಸ್ಥಾನಕ್ಕೆ ಹೋಗೋದು ಬಿಟ್ಟು ವರ್ಷಗಳಾಗಿತ್ತು. ಆದ್ರೂ ಮೂರು ದಿನ ನಮ್ಮನೆಗೆ ಊಟ ತಂದುಕೊಟ್ಟೋರು ಅಜ್ಜಿಯ ಭಜನೆ ಗುಂಪಿನವರು. ನನ್ನ ಫ್ರೆಂಡ್ಸ್ ವಾಟ್ಸ್‌ಆ್ಯಪಲ್ಲಿ ಕೈಮುಗಿಯೋ ಇಮೋಜಿ ಕಳಿಸಿದ್ರು.

ಹಾಗಂತ ವಾಪಸ್ ಹೋಗ್ಲೇಬೇಕು ಅಂತಲ್ಲ. ಕುವೆಂಪು ರಾಮಕೃಷ್ಣ ಆಶ್ರಮದ ಒಡನಾಟದಲ್ಲಿ ಬೆಳೆದವರು, ಪುರೋಹಿತಶಾಹಿಯನ್ನ ಜೋರಾಗಿಯೇ ವಿರೋಧಿಸಿದವರು. ಆದ್ರೆ ಅವರು ಬರೀ ‘ಬೇಡ’ ಅನ್ನಲಿಲ್ಲ. ‘ಮಂತ್ರ ಮಾಂಗಲ್ಯ’ ಅನ್ನೋ ಸರಳ ಮದುವೆ ಪದ್ಧತಿ ಕೊಟ್ಟರು. 1966ರಲ್ಲಿ ಮಗ ತೇಜಸ್ವಿ ಮದುವೆ ಆಗಿದ್ದೂ ಹಾಗೆಯೇ. ಇವತ್ತಿಗೂ ಎಷ್ಟೋ ಜೋಡಿಗಳು ಹಾಗೇ ಮದುವೆ ಆಗ್ತಾರೆ.

ಕಾಲಂನಲ್ಲಿ ಏನಾದ್ರೂ ಬರೀರಿ, ಅದು ನಿಮ್ಮಿಷ್ಟ. ಆದ್ರೆ ನಿಮ್ಮ ಗೆಳೆಯನ ಮನೆಯಲ್ಲಿ ಸಾವಾದ್ರೆ ಊಟ ತಗೊಂಡು ಹೋಗೋರು ಯಾರು? ಈ ವಾರ ಅದನ್ನ ನಿಮ್ಮ ಗುಂಪಲ್ಲಿ ಮಾತಾಡಿ. ಮತ್ತೆ ಸಿಗೋಣ.